ಎಂಬಿಎ ಸೇರುವವರಿಗೆ: ನಾಡಕಚೇರಿಯಿಂದ ಮಂಡಕ್ಕಿ ಭಟ್ಟಿವರೆಗೆ

ಎಂಬಿಎ ಮೊದಲ ವಾರದಲ್ಲಿ ನನಗೆ ಜ್ವರ ಬರಿಸಿದ್ದು ಇಂಗ್ಲಿಷ್ ಅಲ್ಲ, ಡೆಬಿಟ್ಟು-ಕ್ರೆಡಿಟ್ಟು. ಬಿಎಸ್ಸಿಯಲ್ಲಿ ಮೂರು ವರ್ಷ ಬ್ಯುರೆಟ್ ಹಿಡಿದು ನಿಂತವನಿಗೆ ಮೇಷ್ಟ್ರು ‘ನಗದು ಬಂದರೆ ಡೆಬಿಟ್’ ಅಂದರು. ನನ್ನ ಪಾಸ್‌ಬುಕ್ಕಿನಲ್ಲಿ ಸ್ಕಾಲರ್‌ಶಿಪ್ ಬಂದಾಗ ಕ್ರೆಡಿಟ್ ಅಂತ ಬಿದ್ದಿದೆಯಲ್ಲ, ಇವರು ತಲೆಕೆಳಗು ಹೇಳುತ್ತಿದ್ದಾರಲ್ಲ ಅಂದುಕೊಂಡೆ. ಕೇಳುವುದಕ್ಕೆ ನಾಚಿಕೆ. ಆ ಗಂಟು ಬಿಚ್ಚಲು ಎರಡು ತಿಂಗಳು ಹಿಡಿಯಿತು. ದಾವಣಗೆರೆ, ಚಿತ್ರದುರ್ಗದ ಕಡೆ ಬಿಎ, ಬಿಎಸ್ಸಿ ಮುಗಿಸಿ ಈ ವರ್ಷ ಎಂಬಿಎಗೆ ಹೊರಟವರು ಆ ಎರಡು ತಿಂಗಳು ಉಳಿಸಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿ ಓದುವುದು

ಪಿಯುಸಿ ಮುಗಿಸಿದವರಿಗೆ ಬಿಬಿಎ ಇದೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಅದೇ ವರ್ಷದಿಂದ ಬಿಬಿಎ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಕೆಳಗೆ ಬಂದಿದೆ. ಸೇರುವ ಕಾಲೇಜಿಗೆ ಎಐಸಿಟಿಇ ಅನುಮೋದನೆ ಇದೆಯೇ ಅಂತ ಒಂದು ಮಾತು ಕೇಳಿಕೊಳ್ಳಿ.

ಎಂಬಿಎ ಎರಡು ವರ್ಷ, ನಾಲ್ಕು ಸೆಮಿಸ್ಟರ್. ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ಅದಕ್ಕೂ ಮೊದಲು ಅದು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲೇ ಎಂಬಿಎ ವಿಭಾಗವಿದೆ. ಊರಿನ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ಎಂಬಿಎ ಇದೆ, ಆದರೆ ಅದು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ್ದು. ಸಿಲಬಸ್ ಬೇರೆ, ಪರೀಕ್ಷೆ ಬೇರೆ, ಫೀಸು ಬೇರೆ. ಸೀನಿಯರ್ ಹತ್ತಿರ ನೋಟ್ಸ್ ಈಸಿಕೊಳ್ಳುವ ಮೊದಲು ಅವರದು ಯಾವ ವಿವಿ ಅಂತ ನೋಡಿಕೊಳ್ಳಿ.

ಕಾಗದಪತ್ರ: ಇಲ್ಲೇ ಸೀಟು ಜಾರುವುದು

ಎಂಬಿಎ ಸೀಟಿಗೆ ಡಿಗ್ರಿಯಲ್ಲಿ ಶೇ 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45. ಕೊನೆ ಸೆಮಿಸ್ಟರ್ ಬರೆಯುತ್ತಿರುವವರೂ ಅರ್ಜಿ ಹಾಕಬಹುದು. ಅಂಕ ಇದ್ದೂ ಸೀಟು ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ಕಾರಣ ಬಹುಪಾಲು ಒಂದು ಕಾಗದ.

ನಾಡಕಚೇರಿಯಲ್ಲಿ ಮಾಡಿಸಿದ ಜಾತಿ-ಆದಾಯ ಪ್ರಮಾಣಪತ್ರವನ್ನು ಇವತ್ತೇ ಪೆಟ್ಟಿಗೆಯಿಂದ ತೆಗೆದು ನೋಡಿ. 2ಎ, 3ಬಿ ಮೊದಲಾದ ವರ್ಗದವರಿಗೆ ಅದು 5 ವರ್ಷ ಮಾತ್ರ ನಡೆಯುತ್ತದೆ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ, ಲೆಕ್ಕ ಹಾಕಿಕೊಳ್ಳಿ. ಪತ್ರದ ಮೇಲಿನ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ತುಂಬಬೇಕು. ಅಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಒಂದು ಇನಿಷಿಯಲ್ ಹೆಚ್ಚು-ಕಮ್ಮಿ ಆದರೂ ತಕರಾರು ತಪ್ಪದು. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರು ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದವರು ಅದರದ್ದು ತರಬೇಕು. ಹೆಡ್‌ಮಾಸ್ಟರ್ ಸಹಿ ಆದಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಪ್ರಾಥಮಿಕ ಒಂದು ತಾಲ್ಲೂಕಿನಲ್ಲಿ, ಹೈಸ್ಕೂಲು ಇನ್ನೊಂದು ತಾಲ್ಲೂಕಿನಲ್ಲಿ ಓದಿದ್ದರೆ ಎರಡು ಬಿಇಒ ಆಫೀಸು ಸುತ್ತುವುದಕ್ಕೆ ತಯಾರಾಗಿ. ಬಿಇಒ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ, ಎರಡು ದಿನ ಕೈಯಲ್ಲಿಟ್ಟುಕೊಂಡೇ ಹೋಗಿ.

ಹರಪನಹಳ್ಳಿಯವರಿಗೆ ಒಂದು ಮಾತು. ಮೊದಲು ದಾವಣಗೆರೆ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿರುವ ನಿಮ್ಮ ತಾಲ್ಲೂಕಿಗೆ 371ಜೆ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿ) ಸೌಲಭ್ಯವಿದೆ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಇಲ್ಲ. ಅರ್ಹತಾ ಪತ್ರ ಮಾಡಿಸಿಕೊಳ್ಳದೆ ಬಿಡಬೇಡಿ.

ಪರೀಕ್ಷೆ, ಆಪ್ಷನ್

ಎಂಬಿಎ ಪ್ರವೇಶ ಪರೀಕ್ಷೆ ಪಿಜಿಸಿಇಟಿ. ಅದನ್ನು ನಡೆಸುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಎಂಬಿಎಗೆ 100 ಪ್ರಶ್ನೆ, 100 ಅಂಕ. ಇಂಗ್ಲಿಷ್, ಸಾಮಾನ್ಯ ಜ್ಞಾನ, ರೀಸನಿಂಗ್, ಲೆಕ್ಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಶೇಕಡಾವಾರು, ಅನುಪಾತ, ಬಡ್ಡಿ, ಲಾಭ-ನಷ್ಟ ಗಟ್ಟಿಯಿದ್ದರೆ ಲೆಕ್ಕದ ಭಾಗಕ್ಕೆ ಅರ್ಧ ದಾರಿ ಕ್ರಮಿಸಿದಂತೆ. ಕೋಚಿಂಗ್ ಬೇಕೇ ಬೇಕು ಅನ್ನುವ ಪರೀಕ್ಷೆಯೇನೂ ಅಲ್ಲ.

ಸೀಟು ಹಂಚಿಕೆಯಾದಾಗ ನಾಲ್ಕು ಚಾಯ್ಸ್ ಕೇಳುತ್ತಾರೆ. ಒಂದನೆಯದು, ಸೀಟು ಒಪ್ಪಿ ಸೇರುವುದು. ಎರಡು, ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನ ಆಯ್ಕೆಗೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಗೆ ಬರುವುದು. ಮನೆಯಿಂದ ಓಡಾಡಿ ಓದಬೇಕಾದವರು ಮೂರನೆಯದನ್ನು ಮುಟ್ಟುವ ಮುನ್ನ ಮನೆಯವರ ಜೊತೆ ಕೂತು ಮಾತಾಡಿ. ಸೈಬರ್ ಸೆಂಟರ್ ಹುಡುಗನ ಕೈಗೆ ಪಾಸ್‌ವರ್ಡ್ ಕೊಟ್ಟು ‘ಯಾವುದಾದ್ರೂ ಹಾಕಣ್ಣ’ ಅನ್ನಬೇಡಿ.

ಕ್ಲಾಸು ಶುರುವಾಗುವ ಮೊದಲು

ಈಗ ಆ ಡೆಬಿಟ್ ವಿಷಯಕ್ಕೆ ಬರೋಣ. ನಮ್ಮಪ್ಪನದು ಹಳ್ಳಿಯಲ್ಲಿ ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ‘ಇಂದು ರೊಕ್ಕ, ನಾಳೆ ಉದ್ರಿ’ ಅಂತ ಬೋರ್ಡು, ಪೆಟ್ಟಿಗೆಯೊಳಗೆ ನೂರು ಪುಟದ ಉದ್ರಿ ಪುಸ್ತಕ. ರಜೆಗೆ ಹೋದಾಗ ಆ ಪುಸ್ತಕ ಬಿಡಿಸಿ ಕೂತೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ: ಅದು ಲೆಡ್ಜರ್, ಖಾತೆ. ದಿನದ ವ್ಯವಹಾರವನ್ನು ಬಂದ ಹಾಗೆ ಬರೆದುಕೊಳ್ಳುವ ಇನ್ನೊಂದು ನೋಟ್‌ಬುಕ್ಕು: ಕಿರ್ದಿ. ಸೊಸೈಟಿ ಗುಮಾಸ್ತರು ಇವತ್ತಿಗೂ ಕಿರ್ದಿ ಅಂತಲೇ ಅನ್ನುತ್ತಾರೆ. ಗಿರಾಕಿ ಅಕ್ಕಿ ಉದ್ರಿ ಒಯ್ದರೆ ಅವನು ನಮಗೆ ಕೊಡಬೇಕಾದವನು, ಅವನ ಖಾತೆಗೆ ಡೆಬಿಟ್. ದುಡ್ಡು ತಂದು ಕೊಟ್ಟರೆ ಕ್ರೆಡಿಟ್.

ಇನ್ನು ಪಾಸ್‌ಬುಕ್ಕು. ಅದು ನನ್ನ ಲೆಕ್ಕವೇ ಅಲ್ಲ, ಬ್ಯಾಂಕಿನ ಲೆಕ್ಕ. ನಾನು ದುಡ್ಡು ಕಟ್ಟಿದರೆ ಬ್ಯಾಂಕು ನನಗೆ ಕೊಡಬೇಕಾದದ್ದು ಆಯಿತು, ಅದರ ಪುಸ್ತಕದಲ್ಲಿ ನನ್ನ ಹೆಸರಿಗೆ ಕ್ರೆಡಿಟ್ ಬಿತ್ತು. ನನ್ನ ಪುಸ್ತಕದಲ್ಲಿ ಅದೇ ವ್ಯವಹಾರ ಬರೆದರೆ ಬ್ಯಾಂಕಿನ ಹೆಸರಿಗೆ ಡೆಬಿಟ್. ಇಷ್ಟೇ ವಿಷಯ. ಮೇಷ್ಟ್ರು ತಲೆಕೆಳಗು ಹೇಳಿರಲಿಲ್ಲ.

ಸೇರುವ ಮುನ್ನ ಮೂರು ವಾರ ಯಾವುದಾದರೂ ಗುರುತಿನ ಅಂಗಡಿಯ ಒಂದು ದಿನದ ವ್ಯಾಪಾರವನ್ನು ಕಿರ್ದಿಗೆ, ಕಿರ್ದಿಯಿಂದ ಖಾತೆಗೆ ಇಳಿಸಿ ಅಭ್ಯಾಸ ಮಾಡಿ. ಬಿಕಾಂ, ಬಿಬಿಎ ಮಾಡಿದವರು ಈ ಪ್ಯಾರಾ ದಾಟಿಕೊಂಡು ಹೋಗಬಹುದು. ಅವರಿಗೆ ಸ್ಟ್ಯಾಟಿಸ್ಟಿಕ್ಸ್ ಕಾದಿರುತ್ತದೆ.

ಬೆಣ್ಣೆದೋಸೆ ಲೆಕ್ಕ

ಬ್ರೇಕ್-ಈವನ್ (ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನುವ ಹಂತ) ಅನ್ನುವ ಪದ ಪ್ರತಿ ಸೆಮಿಸ್ಟರ್‌ನಲ್ಲೂ ಎದುರಾಗುತ್ತದೆ. ಸೂತ್ರ ಬಾಯಿಪಾಠ ಮಾಡುವ ಬದಲು ಒಂದು ದೋಸೆ ಹೋಟೆಲಿನಲ್ಲಿ ಕೂತುಕೊಳ್ಳಿ. ಅಂದಾಜಿಗೆ ಹಿಡಿಯೋಣ: ದೋಸೆಗೆ 60 ರೂಪಾಯಿ. ಹಿಟ್ಟು, ಬೆಣ್ಣೆ, ಪಲ್ಯ, ಚಟ್ನಿ, ಸೌದೆ ಸೇರಿ ಒಂದು ದೋಸೆಗೆ 36. ಉಳಿಯುವುದು 24. ಬಾಡಿಗೆ, ಭಟ್ಟರ ಸಂಬಳ, ಕರೆಂಟು ತಿಂಗಳಿಗೆ 72,000. ದೋಸೆ ಹೋಗಲಿ ಬಿಡಲಿ, ಇದು ಕೊಡಲೇಬೇಕು. 72,000ವನ್ನು 24ರಿಂದ ಭಾಗಿಸಿದರೆ 3,000 ದೋಸೆ, ದಿನಕ್ಕೆ 100. ನೂರೊಂದನೆಯ ದೋಸೆಯಿಂದ ಮಾಲೀಕರಿಗೆ ಲಾಭ. ಈಗ ಬೆಣ್ಣೆ ತುಟ್ಟಿಯಾಗಿ ದೋಸೆಗೆ 4 ರೂಪಾಯಿ ಖರ್ಚು ಏರಿತು ಅನ್ನಿ. ಉಳಿಯುವುದು 20, ಬೇಕಾಗುವುದು ದಿನಕ್ಕೆ 120 ದೋಸೆ. ನಾಲ್ಕು ರೂಪಾಯಿಗೆ ಇಪ್ಪತ್ತು ಗಿರಾಕಿ ಹೆಚ್ಚಿಗೆ ಹುಡುಕಬೇಕು! ಬೆಲೆ ಏರಿಸದ ಹೋಟೆಲಿನಲ್ಲಿ ಬೆಣ್ಣೆ ಯಾಕೆ ತೆಳ್ಳಗಾಗುತ್ತದೆ ಅಂತ ನನಗೆ ಅರ್ಥವಾಗಿದ್ದು ಆಗಲೇ.

ಸ್ಪೆಷಲೈಸೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್ ಮೂರರಲ್ಲಿ ಗೆಳೆಯರು ತೆಗೆದುಕೊಂಡಿದ್ದನ್ನೇ ತೆಗೆದುಕೊಳ್ಳಬೇಡಿ, ಅಷ್ಟೇ.

ಪ್ರಾಜೆಕ್ಟು

ಒಂದು ಉದ್ದಿಮೆಯನ್ನು ಕಣ್ಣಾರೆ ನೋಡಿ ರಿಪೋರ್ಟು ಬರೆದು ಕೊಡುವ ಕೆಲಸ. ನಾನು ಸೋತ ಜಾಗ ಇದು. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಹಳೇ ರಿಪೋರ್ಟನ್ನು ಜೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಕಂಪನಿ ಹೆಸರು ಬದಲಿಸಿದ್ದರು, ಅವರಲ್ಲಿ ನಾನೂ ಒಬ್ಬ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪುಟ 43 ತೆಗೆದು ತಣ್ಣಗೆ ಕೇಳಿದರು: ‘ನಿಮ್ಮ ಫ್ಯಾಕ್ಟರಿ ದಾವಣಗೆರೆಯಲ್ಲಿದೆ ಅಂದ್ರಿ. ಇಲ್ಲಿ ಕಾರ್ಮಿಕರು ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬರ್ತಾರೆ ಅಂತಿದೆ. ದಿನಾ ಬರ್ತಾರಾ?’

ಆಮೇಲೆ ಮತ್ತೆ ಮಾಡಿದೆ, ಮಂಡಕ್ಕಿ ಭಟ್ಟಿಯ ಮೇಲೆ. ಭಟ್ಟಿ ಯಜಮಾನ್ರು ಮೊದಲ ದಿನ ಬಾಗಿಲಲ್ಲೇ ತಡೆದರು: ‘ಏನ್ ತಮ್ಮಾ, ಲೆಕ್ಕ ಕೇಳಾಕ ಬಂದೀಯಾ? ಟ್ಯಾಕ್ಸಿನೋರು ಕಳಿಸ್ಯಾರೇನು?’ ಕಾಲೇಜಿನ ಪತ್ರ ತೋರಿಸಿದ ಮೇಲೂ ಮೂರು ದಿನ ಬರೀ ಚಹಾ. ನಾಲ್ಕನೇ ದಿನ ಒಳಗೆ ಬಿಟ್ಟರು. ಭತ್ತ ನೆನೆಸಿ, ಬೇಯಿಸಿ, ಕಣದಲ್ಲಿ ಒಣಗಿಸಿ, ಮಿಲ್ಲಿನಲ್ಲಿ ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿಯುವುದು. ಇದರಲ್ಲಿ ಎಲ್ಲಿ ಕೆಲಸ ಕಟ್ಟಿಕೊಳ್ಳುತ್ತದೆ? ಹುರಿಯುವಲ್ಲಿ ಅಂದುಕೊಂಡಿದ್ದೆ, ಅಲ್ಲ. ಮೋಡ ಕವಿದರೆ ಕಣ ನಿಲ್ಲುತ್ತದೆ, ಕಣ ನಿಂತರೆ ಬೆಂಕಿಗೂ ಆಳಿಗೂ ಕೆಲಸವಿಲ್ಲ. ಇನ್ನೊಂದು ಭಟ್ಟಿ ಹಾಕಿಸಿದರೂ ಮಂಡಕ್ಕಿ ಹೆಚ್ಚುವುದಿಲ್ಲ. ಬಾಟಲ್‌ನೆಕ್ ಅಂತ ಪುಸ್ತಕದಲ್ಲಿ ಓದಿದ್ದು ಕಣ್ಣಿಗೆ ಬಿದ್ದಿದ್ದು ಅಲ್ಲಿ. ಮಂಡಕ್ಕಿ ಚೀಲದ್ದು ಇನ್ನೊಂದು ಪಾಠ: ಲಾರಿಯ ತೂಕ ತುಂಬುವ ಮೊದಲೇ ಜಾಗ ತುಂಬಿಬಿಡುತ್ತದೆ. ಗಾಳಿಗೇ ಬಾಡಿಗೆ ಕೊಟ್ಟ ಹಾಗೆ.

ಹೀಗೆ ಮಾಡಿ. ವಿಷಯ ಚಿಕ್ಕದಿರಲಿ. ‘ಉದ್ಯೋಗಿಗಳ ತೃಪ್ತಿಯ ಅಧ್ಯಯನ’ ಸಾವಿರ ಬಂದಿವೆ; ‘ಮಳೆಗಾಲದ ಎರಡು ತಿಂಗಳಲ್ಲಿ ಒಂದು ಭಟ್ಟಿಯ ಬಂಡವಾಳ ಎಲ್ಲಿ ಸಿಕ್ಕಿಕೊಳ್ಳುತ್ತದೆ’ ಅನ್ನುವುದು ಬಂದಿರಲಿಕ್ಕಿಲ್ಲ. ಭಟ್ಟಿ ಬೇಡವಾದರೆ ಎಪಿಎಂಸಿಯ ಮೆಕ್ಕೆಜೋಳವಿದೆ, ಚನ್ನಗಿರಿಯ ಅಡಕೆ, ಚಳ್ಳಕೆರೆಯ ಎಣ್ಣೆ ಮಿಲ್ಲು, ಮೊಳಕಾಲ್ಮೂರಿನ ಮಗ್ಗವಿದೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳು ಯಾಕೆ ಮುಚ್ಚಿದವು ಅಂತ ಹಳೇ ಕಾರ್ಮಿಕರನ್ನು ಕೇಳಿ ಬರೆದರೂ ಆಗುತ್ತದೆ. ಪ್ರಶ್ನಾವಳಿ ಕನ್ನಡದಲ್ಲೇ ಮಾಡಿಕೊಳ್ಳಿ. ಇಂಗ್ಲಿಷ್ ಫಾರ್ಮ್ ಕೊಟ್ಟರೆ ಹಮಾಲರು ನಿಮ್ಮನ್ನೇ ಟಿಕ್ ಹಾಕಿಕೋ ಅನ್ನುತ್ತಾರೆ. ಬೆಳಗ್ಗೆ ಟೆಂಡರ್ ಹೊತ್ತಿನಲ್ಲಿ ದಲ್ಲಾಳಿಗಳ ಎದುರು ನಿಲ್ಲಬೇಡಿ. ಊಟ ಮುಗಿಸಿ ಗಾದಿಗೆ ಒರಗಿದ ಮೇಲೆ ಹೋದರೆ ಕೇಳದ್ದನ್ನೂ ಹೇಳುತ್ತಾರೆ. ಲಾಭ ಎಷ್ಟು ಅಂತ ನೇರ ಕೇಳಬೇಡಿ. ‘ಹೋದ ವರ್ಷಕ್ಕಿಂತ ಈ ವರ್ಷ ಉದ್ರಿ ವಸೂಲಿಗೆ ಎಷ್ಟು ದಿನ ಹಿಡೀತು ಯಜಮಾನ್ರೇ?’ ಅನ್ನಿ, ಅರ್ಧ ಗಂಟೆ ಮಾತಾಡುತ್ತಾರೆ.

ರಿಪೋರ್ಟು ಬೈಂಡಿಂಗಿಗೆ ಕೊಡುವಾಗ ಒಂದು ಪ್ರತಿ ಹೆಚ್ಚಿಗೆ ಹಾಕಿಸಿ, ಮುಂದೆ ಎರಡು ಪುಟ ಕನ್ನಡದ ಸಾರಾಂಶ ಸೇರಿಸಿ, ಲೆಕ್ಕ ಕೊಟ್ಟವರಿಗೆ ಕೊಟ್ಟು ಬನ್ನಿ. ನಾನು ಕೊಟ್ಟದ್ದನ್ನು ಯಜಮಾನ್ರು ಓದಿದರೋ ಇಲ್ಲವೋ ಗೊತ್ತಿಲ್ಲ. ಮುಂದಿನ ಮಳೆಗಾಲಕ್ಕೆ ಹೋದಾಗ ಕಣದ ಅರ್ಧಕ್ಕೆ ತಗಡಿನ ಶೀಟು ಬಿದ್ದಿತ್ತು.