ಜಿಬಿ ಬಿಟ್ಟು ಬೈಟ್ ಹಿಡಿದ ಮೇಲೆ

ಹೋದ ತಿಂಗಳು ಒಂದೇ ವಾರದಲ್ಲಿ ನಾಲ್ಕು ಮದುವೆ ಶೂಟ್. ನಾಲ್ಕಕ್ಕೂ ವಿಡಿಯೊ ತುಂಬುವ ಡಿಸ್ಕ್‌ಗಳನ್ನು, ಜಾಗದ ಲೆಕ್ಕ ಬೈಟ್‌ನಲ್ಲೇ ಹಾಕಿ, ಮೊದಲೇ ತಂದಿಟ್ಟಿದ್ದೆ, ಒಂದೂ ಕಮ್ಮಿ ಬೀಳಲಿಲ್ಲ. "ಬೈಟ್ ಎಣಿಸ್ತಾ ಕೂತ್ಕೊಳ್ಳಿ ಸಾರ್, ಅಷ್ಟರಲ್ಲಿ ನಾಮಕರಣಕ್ಕೇ ಕರೀತಾರೆ" ಅಂತ ನಗುತ್ತಿದ್ದ ಹುಡುಗರೇ ಈಗ ನನ್ನ ಲೆಕ್ಕದ ಪುಸ್ತಕದ ಫೋಟೊ ಕೇಳುತ್ತಿದ್ದಾರೆ.

ಇದಕ್ಕೆ ಮುಂಚೆ ದುಡ್ಡು ಸಾಕಷ್ಟು ಕಳೆದಿದ್ದೇನೆ. ಡಿವಿಡಿ ಕಾಲದಲ್ಲಿ ಕವರ್ ಮೇಲಿನ 4.7 ಜಿಬಿ ನಂಬಿ, ವಿಂಡೋಸ್‌ನಲ್ಲಿ 4.5 ತೋರಿಸುವ ಫೈಲ್ ಬರ್ನ್ ಮಾಡಲು ಹೊರಟೆ. ವಿಂಡೋಸ್‌ನ ಲೆಕ್ಕದಲ್ಲಿ ಡಿಸ್ಕ್ ಹಿಡಿಯುವುದೇ 4.38ರ ಹತ್ತಿರ. ಹಟ ಹಿಡಿದು ಓವರ್‌ಬರ್ನ್, ಅಂದರೆ ಹಿಡಿಯುವುದಕ್ಕಿಂತ ಹೆಚ್ಚು ತುರುಕುವ ಬಟನ್, ಒತ್ತಿದೆ. ಹತ್ತು ಹನ್ನೆರಡು ಡಿಸ್ಕ್ ಕಸಕ್ಕೆ ಹೋದವು.

ದೊಡ್ಡ ಪೆಟ್ಟು ಹಾರ್ಡ್ ಡಿಸ್ಕ್‌ನಲ್ಲಿ ಬಿತ್ತು. ಗಿರಾಕಿಯೊಬ್ಬರಿಗೆ ರಾ ಫುಟೇಜ್ (ಎಡಿಟ್ ಮಾಡದ ವಿಡಿಯೊ) ಪೂರ್ತಿ ಬೇಕಿತ್ತು, ವಿಂಡೋಸ್‌ನಲ್ಲಿ 950 ಜಿಬಿ. 1 ಟಿಬಿ ತಂದೆ, ಐವತ್ತು ಮಿಗುತ್ತೆ ಅಲ್ವಾ ಅಂತ. ಚುಚ್ಚಿದರೆ 931! ಅಂಗಡಿಯವನ ಜೊತೆ ಸುಮ್ನೆ ಜಗಳ ಆಡಿದೆ. ಪಾಪ, ಅವನ ತಪ್ಪೇನಿಲ್ಲ. 2 ಟಿಬಿಗೆ ಮತ್ತೆ ಐದು ಸಾವಿರದಷ್ಟು ಬಿಚ್ಚಿದೆ.

ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ಅವರಿಗೆ 1 ಟಿಬಿ ಅಂದರೆ ಸಾವಿರ ಜಿಬಿ, ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಅದನ್ನೇ 1024ರಿಂದ ಮೂರು ಸಲ ಭಾಗಿಸಿ, ಬಂದ 931ರ ಪಕ್ಕದಲ್ಲಿ ಜಿಬಿ ಅಂತಲೇ ಬರೆಯುತ್ತದೆ. ಈ ಗೊಂದಲ ಬೇಡ ಅಂತ 1024ರ ಲೆಕ್ಕದ ಜಿಬಿಗೆ 1998ರಲ್ಲೇ ಗಿಬಿಬೈಟ್ ಅನ್ನೋ ಬೇರೆ ಹೆಸರು ಬಂದಿದೆ. ಅಂಗಡಿಗೆ ಹೋಗಿ ಕೇಳಿ ನೋಡಿ, ಹೇಗೆ ನೋಡ್ತಾರೆ ಅಂತ.

ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಎಂಟು ಗಂಟೆ, 720. ಇದು ಸಾವಿರದ ಲೆಕ್ಕ. ಡಿಸ್ಕ್ ಡಬ್ಬಿಯದೂ ಸಾವಿರದ ಲೆಕ್ಕವೇ. ಹಾಗಾಗಿ ವಿಂಡೋಸ್ ಹೇಳುವ ಜಿಬಿಯನ್ನು ನೋಡುವುದೇ ಬಿಟ್ಟೆ. ಪ್ರಾಪರ್ಟೀಸ್‌ನಲ್ಲಿ ಕಂಸದೊಳಗೆ ಉದ್ದಕ್ಕೆ ಇರುತ್ತಲ್ಲ, ಆ ಬೈಟ್ ಸಂಖ್ಯೆಯನ್ನಷ್ಟೇ ಬರೆದುಕೊಳ್ಳುತ್ತೇನೆ. ಅದರ ಮೇಲೆ ಎಷ್ಟು ಜಾಗ ಖಾಲಿ ಬಿಡುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ.

ನಡುವೆ ಹಳೇ ಫ್ಲಾಪಿಯೊಂದು ಸಿಕ್ಕಿತು. ಅದರ 1.44 ಎಂಬಿ ಅಂದರೆ 1.44 ಗುಣಿಸು 1000 ಗುಣಿಸು 1024, ಅಂದರೆ 14,74,560 ಬೈಟ್. ಸಾವಿರವನ್ನೂ 1024ನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ್ದಾರೆ! ಅದರ ಹಿಂದೆ ಬಿದ್ದು ಅರ್ಧ ದಿನ ಹೋಯಿತು.

ಮೊನ್ನೆ ಮದುಮಗಳ ತಂದೆ ಫೋನ್ ಮಾಡಿದರು. ನನ್ನ ಮ್ಯಾಕ್‌ನಲ್ಲಿ 720 ಅಂತ ತೋರಿಸಿದ್ದೆ, ಅದು 2009ರಿಂದಲೂ ಸಾವಿರದಲ್ಲೇ ಎಣಿಸುತ್ತದೆ. ಅವರ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ 670. "ಏನ್ರೀ, ಐವತ್ತು ಜಿಬಿ ಮದುವೆ ನುಂಗಿಬಿಟ್ರಾ? ಮುಹೂರ್ತದ್ದೇ ಹೋಗಿರ್ಬೇಕು." "ಮುಹೂರ್ತದ ಫೈಲ್ ತೆಗೀರಿ, ಬೈಟ್ ಓದಿ" ಅಂದೆ. ಅವರು ಒಂದೊಂದೇ ಅಂಕಿ ಓದಿದರು, ನಾನು ಪುಸ್ತಕದಲ್ಲಿ ಟಿಕ್ ಹಾಕುತ್ತಾ ಹೋದೆ. ಹನ್ನೊಂದು ಅಂಕಿಯೂ ತಾಳೆಯಾಯಿತು. ಬಾಕಿ ಎಂಟು ಸಾವಿರ ಅವತ್ತು ಸಂಜೆಯೇ ಹಾಕಿದರು.