ಎತ್ತರದ ಕಣಿವೆಯಲ್ಲಿ ಗದ್ದಲವಿಲ್ಲದ ಸೈಕಲ್ ದಾರಿ

ನಕ್ಷೆಯಲ್ಲಿ ಮೊದಲು ನದಿಯನ್ನು ನೋಡಿ. ಹೆದ್ದಾರಿ ಒಂದು ದಡದಲ್ಲಿದ್ದರೆ, ಎದುರು ದಡದಲ್ಲಿ ಊರಿಂದೂರಿಗೆ ಹೋಗುವ ಹಳೆಯ ಕಿರುರಸ್ತೆ ಎಷ್ಟೋ ಕಡೆ ಇರುತ್ತದೆ. ನಿಮಗೆ ಬೇಕಾದ್ದು ಅದೇ. ಕೊನೆಯ ಹಳ್ಳಿಯಲ್ಲೇ ಮುಗಿಯುವ ರಸ್ತೆಗಳು ಇನ್ನೂ ಒಳ್ಳೆಯವು, ಹಾದುಹೋಗುವ ಲಾರಿಗಳ ಕಾಟವಿಲ್ಲ. ಡಾಂಬರು ಎಲ್ಲಿಯವರೆಗಿದೆ ಎಂದು ಮಾತ್ರ ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ.

ಹೆಚ್ಚಿನವರ ಲೆಕ್ಕ ತಪ್ಪುವುದು ಗಾಳಿಯ ವಿಷಯದಲ್ಲಿ. ಬಿಸಿಲೇರಿದಂತೆ ಬೆಟ್ಟದ ಮೈ ಕಾದು, ಮಧ್ಯಾಹ್ನದ ಹೊತ್ತಿಗೆ ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬಲವಾಗಿ ಬೀಸುತ್ತದೆ. ರಾತ್ರಿ ತಿರುಗಿ ಕೆಳಕ್ಕೆ. ಹಾಗಾಗಿ ಬೆಳಿಗ್ಗೆ ಬೇಗ ಕೆಳಗಿಳಿದು, ಮಧ್ಯಾಹ್ನ ಬೆನ್ನಿಗೆ ಗಾಳಿ ಇಟ್ಟುಕೊಂಡು ಏರಿ ಬನ್ನಿ. ಉಲ್ಟಾ ಮಾಡಿದರೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾದೀತು.

ಟೈರ್ 28ರಿಂದ 32 ಮಿ.ಮೀ. ಅಗಲ, ಹಿಂದಿನ ಅತಿ ದೊಡ್ಡ ಗೇರ್ ಚಕ್ರಕ್ಕೆ 34 ಹಲ್ಲು ಇರಲಿ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು. ಇಳಿಯುವ ಮೊದಲೇ ಜಾಕೆಟ್ ಹಾಕಿ. ಬ್ರೇಕ್ ಹಿಡಿದೇ ಇಳಿಯಬೇಡಿ, ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಬಿಡಿ. ತಿರುವಿನ ಒಳಅಂಚಿನಲ್ಲಿ ನೀರು ತಂದ ಜಲ್ಲಿ ಕೂತಿರುತ್ತದೆ, ಅದರ ಮೇಲೆ ವಾಲಿದರೆ ಮುಂದಿನ ಚಕ್ರ ಜಾರುತ್ತದೆ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಶುರುವಾದರೆ ಇನ್ನು ಏರಬೇಡಿ, ಇಳಿದುಬಿಡಿ.