ಡಬ್ಬಿನೇ ಇಡ್ಲಾ ಸಾರ್?

ಬಳ್ಳಾರಿಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಕ್ಲಚ್ ಬಿಡುವುದು, ರಿವರ್ಸ್ ಹಾಕುವುದು, ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಎತ್ತುವುದು, ಇವನ್ನೆಲ್ಲ ಒಂದು ತಿಂಗಳಲ್ಲಿ ಯಾರಿಗೆ ಬೇಕಾದರೂ ಕಲಿಸಬಹುದು. ಆದರೆ ನನ್ನ ಹತ್ತಿರ ಚೆನ್ನಾಗಿ ಕಲಿತ ಹುಡುಗನೊಬ್ಬ, ಲೈಸೆನ್ಸ್ ಕೈಗೆ ಬಂದ ಮೇಲೆ ರಾಯಲ್ ಸರ್ಕಲ್‌ನಲ್ಲಿ ನನ್ನನ್ನೇ ಎಡಗಡೆಯಿಂದ ಓವರ್‌ಟೇಕ್ ಮಾಡಿದ. ಹೋಗ್ತಾ ಕೈಯೆತ್ತಿ ನಮಸ್ಕಾರ ಬೇರೆ! ಅವನಿಗೆ ರೂಲ್ಸ್ ಗೊತ್ತಿರಲಿಲ್ಲವೇ? ನಾನೇ ಹೇಳಿಕೊಟ್ಟಿದ್ದೆ.

ಅದೇ ಹುಳ ತಲೆ ಕೊರೆದು, 41ನೇ ವಯಸ್ಸಿಗೆ ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿಗೆ ಸೇರಿದೆ. ಮೊದಲ ವರ್ಷ ಬರೀ ಓದು, ಬರೀ ಪರೀಕ್ಷೆ. ಹೇಳುವಂಥದ್ದೇನೂ ಇಲ್ಲ. ಎರಡನೇ ವರ್ಷದ ಪ್ರಾಜೆಕ್ಟಿಗೆ ಅದಿರು ಸಾಗಿಸುವ ಲಾರಿ ಡ್ರೈವರ್‌ಗಳನ್ನು ಆರಿಸಿಕೊಂಡೆ. ಸಂಡೂರು, ತೋರಣಗಲ್ಲು ಕಡೆ ಅವರಿಗೇನು ಬರವೇ?

ಗೈಡ್ ಮೇಡಂ ಕೊಟ್ಟ ಸಾಧನ 'ಡ್ರೈವರ್ ಬಿಹೇವಿಯರ್ ಕ್ವೆಶ್ಚನೇರ್', ಅಂದರೆ ಗಾಡಿ ಓಡಿಸುವವರ ನಡವಳಿಕೆ ಅಳೆಯುವ ಪ್ರಶ್ನಾವಳಿ. 1990ರಲ್ಲಿ ಇಂಗ್ಲೆಂಡಿನ ಜೇಮ್ಸ್ ರೀಸನ್ ಮತ್ತು ಸಂಗಡಿಗರು ಮಾಡಿದ್ದು. ಒಟ್ಟು 50 ಪ್ರಶ್ನೆ. ಪ್ರತಿಯೊಂದಕ್ಕೂ 'ಎಂದೂ ಇಲ್ಲ' ಅಂದರೆ 0, 'ಹೆಚ್ಚು ಕಮ್ಮಿ ಯಾವಾಗಲೂ' ಅಂದರೆ 5. ನನಗೆ ಇದರಲ್ಲಿ ಹಿಡಿಸಿದ್ದು ತಪ್ಪಿಗೂ ಉಲ್ಲಂಘನೆಗೂ ನಡುವೆ ಎಳೆದ ಒಂದು ಗೆರೆ. ಹೆಡ್‌ಲೈಟ್ ಹಾಕಲು ಹೋಗಿ ವೈಪರ್ ಹಾಕುವುದು ಕೈತಪ್ಪು. ಗೊತ್ತಿದ್ದೂ ಎಡಗಡೆಯಿಂದ ನುಗ್ಗುವುದು ಉಲ್ಲಂಘನೆ. ವಯಸ್ಸಾದಂತೆ ಉಲ್ಲಂಘನೆ ಕಮ್ಮಿಯಾಗುತ್ತದೆ, ತಪ್ಪುಗಳು ಹಾಗೆ ಕಮ್ಮಿಯಾಗುವುದಿಲ್ಲ ಅಂತ ಅವರಿಗೆ ಕಂಡಿತ್ತು. ಅಪಘಾತದ ಜೊತೆ ನಂಟಿರುವುದು ತಪ್ಪಿಗಿಂತ ಉಲ್ಲಂಘನೆಗೇ ಅಂತ ಮುಂದಿನ ಕೆಲವು ಅಧ್ಯಯನಗಳು ಹೇಳಿದವು. ಅಂದರೆ ನನ್ನಂಥವರು ಕಲಿಸುವುದೆಲ್ಲ ಕೈತಪ್ಪಿಗೆ ಮದ್ದು. ರಾಯಲ್ ಸರ್ಕಲ್ ಹುಡುಗನಿಗೆ ನನ್ನ ಹತ್ತಿರ ಮದ್ದೇ ಇರಲಿಲ್ಲ.

ಕನ್ನಡಕ್ಕೆ ತರುವಾಗ ಬೆವರು ಇಳಿಯಿತು. ನಿಯಮ ಏನೆಂದರೆ, ಒಬ್ಬರು ಕನ್ನಡಕ್ಕೆ ತರಬೇಕು. ಇಂಗ್ಲಿಷ್ ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎರಡೂ ತಾಳೆಯಾದರೆ ಸರಿ. ಇಷ್ಟೆಲ್ಲ ತಾಳೆ ನೋಡಿದ ಮೇಲೂ ಡ್ರೈವರ್ ಮುಂದೆ ನಿಂತಾಗ ಬೇರೆಯೇ ಕಥೆ. "ಪಾರ್ಕಿಂಗ್‌ನಲ್ಲಿ ಗಾಡಿ ಎಲ್ಲಿ ಬಿಟ್ಟಿರಿ ಅಂತ ಮರೆಯೋದುಂಟಾ?" ಅಂತ ಒಬ್ಬರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಡಿಯಾಗೇ ಮಲಗ್ತೀನಿ ಸಾರ್, ಎಲ್ಲಿ ಮರೀಲಿ?" ಅಂದರು. ಆ ಪ್ರಶ್ನೆ ಅಲ್ಲೇ ಕೈಬಿಟ್ಟೆ.

ತೋರಣಗಲ್ಲಿನ ಹತ್ತಿರದ ಒಂದು ಢಾಬಾದಲ್ಲಿ ಕೂತು ಎರಡು ದಿನ ಫಾರಂ ತುಂಬಿಸಿದೆ. ಎಲ್ಲರದೂ ಸೊನ್ನೆ! ಅಷ್ಟೂ ಜನ ಸಾಧುಗಳು. ತಪ್ಪು ನನ್ನದೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂದರೆ, "ಆರ್‌ಟಿಓದಿಂದ ಬಂದೀರಾ? ಇನ್ಶೂರೆನ್ಸಾ?" ಅನ್ನುತ್ತಿದ್ದರು. ಮೇಡಂ ಹತ್ತಿರ ಕೇಳಿ ಸಹಿ ಬಿಟ್ಟೆ. ಬಾಯಿಮಾತಿನ ಒಪ್ಪಿಗೆ ಸಾಕು ಅಂತಾಯಿತು. ಹೆಸರು ಬೇಡ, ಗಾಡಿ ನಂಬರ್ ಬೇಡ. ಪೆನ್ನೂ ಪೇಪರೂ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿ, ಟೇಬಲ್ ಮೇಲೆ ಐದು ಬೆಂಕಿಕಡ್ಡಿ ಇಟ್ಟೆ. "ನಾನು ಒಂದೊಂದೇ ಹೇಳ್ತೀನಿ. ಎಂದೂ ಮಾಡಲ್ಲ ಅಂದ್ರೆ ಕಡ್ಡಿ ಮುಟ್ಟಬೇಡಿ. ಯಾವಾಗಲೂ ಅಂದ್ರೆ ಐದೂ ಈ ಕಡೆ ಸರಿಸಿ." ಬಾಯಲ್ಲಿ ಹೇಳಲು ಹಿಂಜರಿಯುವವರ ಬೆರಳು ಸಲೀಸಾಗಿ ಓಡಾಡಿತು. ಲೆಕ್ಕವನ್ನು ಅವರು ಎದ್ದು ಹೋದ ಮೇಲೆ ಬರೆದುಕೊಳ್ಳುತ್ತಿದ್ದೆ.

ಕೊನೆಗೊಂದು ಪ್ರಶ್ನೆ ನಾನೇ ಸೇರಿಸಿದ್ದೆ: ಕಣ್ಣು ಎಳೀತಿದ್ರೂ ಗಾಡಿ ಓಡಿಸೋದು. ಅನಂತಪುರದ ಕಡೆಯ ಹಿರಿಯ ಡ್ರೈವರ್ ಒಬ್ಬರು ಐದೂ ಕಡ್ಡಿ ಸರಿಸಿದರು. ಆಮೇಲೆ ನನ್ನ ಬೆಂಕಿಪೊಟ್ಟಣ ಎತ್ತಿಕೊಂಡು, "ಡಬ್ಬಿನೇ ಇಡ್ಲಾ ಸಾರ್?" ಅಂದರು.

ಅವತ್ತು ಅವರು ಎದ್ದದ್ದು ಬೆಳಗಿನ 5ಕ್ಕೆ. ಮಧ್ಯಾಹ್ನದಿಂದ ಲೋಡಿಂಗ್ ಸಾಲಿನಲ್ಲಿ ನಿಂತಿದ್ದರು. ಸಾಲಿನಲ್ಲಿ ಮಲಗುವಂತಿಲ್ಲ, ಗಾಡಿ ಗಾಡಿಗೂ ಮುಂದೆ ಜರುಗಿಸಬೇಕು. ದುಡ್ಡು ಟ್ರಿಪ್ ಲೆಕ್ಕ. ಅವರ ಲಾರಿ ರಸ್ತೆಗೆ ಬೀಳುವ ಹೊತ್ತಿಗೆ ರಾತ್ರಿ 10 ದಾಟಿತ್ತು. 17 ಗಂಟೆ ಎಚ್ಚರವಿದ್ದವನ ಕೈ, ಕಣ್ಣು ರಕ್ತದಲ್ಲಿ ಶೇ. 0.05 ಮದ್ಯ ಇರುವವನಂತೆ ಮಂದವಾಗುತ್ತದೆ ಅಂತ 1997ರ ಒಂದು ಪ್ರಯೋಗ ತೋರಿಸಿದೆ. ನಮ್ಮ ಕಾನೂನಿನ ಮಿತಿ 0.03. ಕುಡಿದಿದ್ದರೆ ಊದಿಸಿ ಹಿಡಿಯುತ್ತಾರೆ, ನಿದ್ದೆಗೆಟ್ಟವನನ್ನು ಊದಿಸಿ ಏನು ಮಾಡುವುದು? 60 ಕಿ.ಮೀ. ವೇಗದಲ್ಲಿ ಮೂರೇ ಮೂರು ಸೆಕೆಂಡು ಕಣ್ಣು ಮುಚ್ಚಿದರೆ, ಲಾರಿ 50 ಮೀಟರ್ ತಾನಾಗಿಯೇ ಹೋಗಿರುತ್ತದೆ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಅಂತ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಅದನ್ನು ಓದಿ ಹೇಳಿದ್ದಕ್ಕೆ ಢಾಬಾದಲ್ಲಿ ಎಲ್ಲರೂ ಜೋರಾಗಿ ನಕ್ಕರು.

ಬರೆಯಲು ಕೂತಾಗ ಇಲ್ಲೇ ಸಿಕ್ಕಿಕೊಂಡೆ. ನಿದ್ದೆಗಣ್ಣಲ್ಲಿ ಓಡಿಸುವುದು ತಪ್ಪೋ, ಉಲ್ಲಂಘನೆಯೋ? ಗೊತ್ತಿದ್ದೇ ಓಡಿಸುತ್ತಾರೆ, ಹಾಗಾಗಿ ಉಲ್ಲಂಘನೆ. ಆದರೆ ಎಡಗಡೆಯಿಂದ ನುಗ್ಗಿದ ನನ್ನ ಶಿಷ್ಯನನ್ನೂ ಈ ಹಿರಿಯರನ್ನೂ ಒಂದೇ ಸಾಲಿಗೆ ಸೇರಿಸಲು ಮನಸ್ಸು ಒಪ್ಪಲಿಲ್ಲ. ಅವನದು ಶೋಕಿ, ಇವರದು ಹೊಟ್ಟೆಪಾಡು. ಬೇರೆ ಅಧ್ಯಾಯ ಮಾಡಿ, ಲೋಡಿಂಗ್ ಸಾಲಿನ ಬಗ್ಗೆಯೇ ಎಂಟು ಪುಟ ಬರೆದೆ. "ಇದು ಸೈಕಾಲಜಿನಾ, ಟ್ರಾನ್ಸ್‌ಪೋರ್ಟಾ?" ಅಂತ ಮೇಡಂ ಕೇಳಿದರು. ಆದರೂ ತೆಗೆಸಲಿಲ್ಲ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರ ಮಾತೆಲ್ಲ ಬೆಂಕಿಕಡ್ಡಿ ಮೇಲೆಯೇ. ಪ್ರಶ್ನೆ ಬಿಟ್ಟಿದ್ದೀರಿ, ಸೇರಿಸಿದ್ದೀರಿ, ಕೇಳುವ ರೀತಿಯನ್ನೂ ಬದಲಿಸಿದ್ದೀರಿ, ನಿಮ್ಮ ಅಂಕಿಗಳನ್ನು ಬೇರೆ ದೇಶದ ಅಂಕಿಗಳ ಪಕ್ಕ ಇಡುವುದು ಹೇಗೆ ಅಂದರು. ಇಡಲು ಬರುವುದಿಲ್ಲ ಸರ್ ಅಂದೆ. ಅದು ನಿಜ. ಇಂಥ ಪ್ರಾಜೆಕ್ಟ್ ಮಾಡುವವರು ಮೊದಲು ನಾಲ್ಕೈದು ಜನರ ಮೇಲೆ ಪ್ರಯತ್ನಿಸಿ ನೋಡಿ, ಆಮೇಲೆ ಪ್ರಿಂಟ್ ಹಾಕಿಸಿ. ನಾನು ನೂರು ಕಾಪಿ ಝೆರಾಕ್ಸ್ ಮಾಡಿಸಿ ಸುಮ್ನೆ ಮನೆಯಲ್ಲಿಟ್ಟುಕೊಂಡಿದ್ದೇನೆ, ಮಗಳು ಹಿಂದಿನ ಖಾಲಿ ಮಗ್ಗುಲಲ್ಲಿ ಲೆಕ್ಕ ಮಾಡುತ್ತಾಳೆ.

ಈಗ ಹೆವಿ ಲೈಸೆನ್ಸ್ ಕಲಿಯಲು ಬರುವವರಿಗೆ ಸ್ಟೀರಿಂಗ್ ಕೊಡುವ ಮುಂಚೆ, ರಾತ್ರಿ ಎಷ್ಟು ಗಂಟೆಗೆ ಮಲಗಿದ್ರಿ ಅಂತ ಕೇಳುತ್ತೇನೆ. ಜಾಸ್ತಿ ಜನ ಸುಳ್ಳೇ ಹೇಳುತ್ತಾರೆ.